ಹಲಗೆ ಒಣಗುವ ತನಕ: ಗುಬ್ಬಿ ಸೀಮೆಯ ಒಬ್ಬ ಮರಗೆಲಸದವರ ಪ್ರಕರಣ

ಕೈಕೆಲಸ ಮಾಡುವವರಿಗೆ ಲೆಕ್ಕ ಬರೆದುಕೊಡುವುದು, ಸಾಲದ ಅರ್ಜಿ ತುಂಬಿಸಿಕೊಡುವುದು ನನ್ನ ಕೆಲಸ. ಈ ಬರಹದಲ್ಲಿ ಬರುವವರನ್ನು ಊರವರು ಕರೆಯುವ ಹಾಗೆ ಆಚಾರ್ರು ಅಂತಲೇ ಕರೆಯುತ್ತೇನೆ. ಅವರ ಹೆಂಡತಿಯನ್ನು ನಾನು ಅಕ್ಕ ಅನ್ನುವುದು, ಇಲ್ಲೂ ಹಾಗೇ ಇರಲಿ. ಹೆಸರು, ಹಳ್ಳಿ, ಗಿರಾಕಿಗಳ ಗುರುತು ಯಾವುದನ್ನೂ ಬರೆದಿಲ್ಲ. ಗುರುತು ಸಿಗಬಹುದಾದ ಒಂದೆರಡು ವಿವರಗಳನ್ನು ಬದಲಾಯಿಸಿದ್ದೇನೆ. ಇಬ್ಬರೂ ಇದನ್ನು ಓದಿಸಿ ಕೇಳಿ, ಹಾಕಿ ಪರವಾಗಿಲ್ಲ ಅಂದ ಮೇಲೆಯೇ ಹೊರಗೆ ತರುತ್ತಿದ್ದೇನೆ.

ಕೈಯಲ್ಲಿ ಮಾಡುವ ಕೆಲಸದಲ್ಲಿ ನೆಮ್ಮದಿ ಇದೆ ಅಂತ ಈಗ ಎಲ್ಲರೂ ಹೇಳುತ್ತಾರೆ. ಆ ಮಾತು ನಂಬಿ ಇರುವ ಕೆಲಸ ಬಿಟ್ಟು ಬಂದವರೂ ನನಗೆ ಸಿಕ್ಕಿದ್ದಾರೆ. ಆಚಾರ್ರಿಗೆ ಮರದ ಕೆಲಸದ ಮೇಲೆ ಪ್ರೀತಿ ಚಿಕ್ಕಂದಿನಿಂದಲೂ ಇತ್ತು. ನೆಮ್ಮದಿ ಬಂದಿದ್ದು ಮಾತ್ರ ತೀರಾ ಈಚೆಗೆ. ಎರಡರ ನಡುವೆ ಏನೇನಾಯಿತು ಅನ್ನುವುದನ್ನು ಬರೆದಿಟ್ಟರೆ ಇದೇ ದಾರಿಯಲ್ಲಿ ಇರುವವರಿಗೆ ಉಪಯೋಗವಾಗುತ್ತದೆ ಅಂತ ನನಗೆ ಬಲವಾಗಿ ಅನ್ನಿಸಿದೆ.

ಹಿನ್ನೆಲೆ

ಆಚಾರ್ರಿಗೆ ಈಗ ಐವತ್ತರ ಆಸುಪಾಸು. ತಂದೆ ಊರಿನ ಬಡಗಿ. ನೇಗಿಲು, ಕುಂಟೆ, ಕೂರಿಗೆ, ಗಾಡಿಯ ಚಕ್ರ, ಬಾಗಿಲ ಚೌಕಟ್ಟು, ತೊಟ್ಟಿಲು, ಹಸೆಮಣೆ, ಹೀಗೆ ಊರಿಗೆ ಬೇಕಾದದ್ದೆಲ್ಲ ಅವರ ಕೈಯಿಂದಲೇ ಬರುತ್ತಿತ್ತು. ಕೂಲಿ ಕಾಸಿನಲ್ಲಿ ಸಿಗುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಒಕ್ಕಲು ಮನೆಯವರು ರಾಗಿ ಅಳೆದು ಆಯ ಕೊಡುತ್ತಿದ್ದರು. ಆಮೇಲೆ ಟ್ರ್ಯಾಕ್ಟರ್ ಬಂತು, ನೇಗಿಲು ಅಟ್ಟ ಸೇರಿತು. ಆಯವೂ ನಿಂತುಹೋಯಿತು.

ಮಗ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ತಂದೆಯ ಪಕ್ಕ ಕೂತು ಉಳಿ ಹಿಡಿದಿದ್ದ. ಇಪ್ಪತ್ತು ದಾಟುವಷ್ಟರಲ್ಲಿ ಊರಲ್ಲಿ ಕೆಲಸ ಸಾಲದೆ ಬೆಂಗಳೂರಿನ ರೈಲು ಹತ್ತಿದ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಗುಬ್ಬಿ, ತುಮಕೂರು, ಕ್ಯಾತ್ಸಂದ್ರದಿಂದ ದಿನಾ ಯಶವಂತಪುರಕ್ಕೆ ಹೋಗಿ ಬರುವವರು ಸಾವಿರಾರು ಜನ. ಕತ್ತಲಿದ್ದಾಗ ಮನೆ ಬಿಟ್ಟರೆ ಕತ್ತಲಾದ ಮೇಲೆಯೇ ಮನೆ.

ಅಲ್ಲಿ ಸಿಕ್ಕಿದ್ದು ಫ್ಲಾಟುಗಳ ಒಳಗಿನ ಮರಗೆಲಸ. ಪ್ಲೈವುಡ್, ಮರದ ನಾರು ಒತ್ತಿ ಮಾಡುವ ಎಂಡಿಎಫ್ ಹಲಗೆ, ಮೇಲೆ ಅಂಟಿಸುವ ಮೈಕಾ ಹಾಳೆ, ಮಾಡ್ಯುಲರ್ ಕಿಚನ್. ಕೂಲಿ ಮೋಸವಿರಲಿಲ್ಲ. ಆದರೆ ಮೇಸ್ತ್ರಿ ಕೊನೆಯ ಕಂತು ಕೊಡುವುದು ಯಾವಾಗಲೂ ತಡ. ಆಚಾರ್ರಿಗೆ ಅದಕ್ಕಿಂತ ಜಾಸ್ತಿ ಕಾಡುತ್ತಿದ್ದದ್ದು ಬೇರೆ. "ಒಂದು ಕಪಾಟನ್ನ ಪೂರ್ತಿ ನಾನೇ ಮಾಡಿದ್ದು ನೆನಪಿಲ್ಲ ಮೇಡಂ. ಒಬ್ಬ ಕಟ್ ಮಾಡ್ತಾನೆ, ಒಬ್ಬ ಮೈಕಾ ಅಂಟಿಸ್ತಾನೆ, ನಾನು ಹಿಂಜಸ್ ಕೂರಿಸ್ತೀನಿ. ಸಾಯಂಕಾಲ ಮನೆಗೆ ಹೋಗುವಾಗ ಇವತ್ತೇನ್ ಮಾಡ್ದೆ ಅಂತ ಕೇಳಿದ್ರೆ ಹೇಳೋಕೆ ಏನೂ ಇರ್ತಿರ್ಲಿಲ್ಲ."

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆಯಿತು, ರೈಲು ನಿಂತಿತು. ಆಚಾರ್ರು ತಂದೆಯ ಪೆಟ್ಟಿಗೆ ಇಳಿಸಿ, ತುಕ್ಕು ಹಿಡಿದ ಉಳಿ, ಬಾಚಿ, ಹತ್ತರಿ ಎಲ್ಲವನ್ನೂ ಸಾಣೆಕಲ್ಲಿಗೆ ಉಜ್ಜಿ ಸರಿ ಮಾಡಿದರು. ಅಕ್ಕಪಕ್ಕದವರಿಗೆ ಒಂದು ಮಂಚ, ಒಂದು ತೊಟ್ಟಿಲು, ತುಳಸಿಕಟ್ಟೆ ಎದುರಿಗೆ ಕೂರಲು ಒಂದು ಬೆಂಚು ಮಾಡಿಕೊಟ್ಟರು. ರೈಲು ಮತ್ತೆ ಓಡಲು ಶುರುವಾದಾಗ ಅವರು ಹೋಗಲಿಲ್ಲ. ಇನ್ನು ಮೇಲೆ ಊರಲ್ಲೇ ಇದ್ದು ಮರದ ಸಾಮಾನು ಮಾಡುತ್ತೇನೆ ಅಂದರು. ಅಕ್ಕ ಆಗ ಬೇಡ ಅನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ.

ತೊಂದರೆ ಶುರುವಾಗಿದ್ದು

ಊರಿಗೆ ಬಂದರೆ ಸುಖ ಅಂತ ಅಂದುಕೊಂಡಿದ್ದು ಒಂದು ವರ್ಷವೂ ನಿಲ್ಲಲಿಲ್ಲ. ಬಂದ ಕೆಲಸವನ್ನೆಲ್ಲ ಆಚಾರ್ರು ಒಪ್ಪಿಕೊಳ್ಳುತ್ತಿದ್ದರು. ಬಾಗಿಲ ರಿಪೇರಿ, ದೇವರ ಮಂಟಪ, ಕುರ್ಚಿ, ಊಟದ ಮೇಜು, ಉಯ್ಯಾಲೆ ಹಲಗೆ, ಕೆತ್ತನೆ ಇರುವ ತಲೆಬಾಗಿಲು. ಯಾವುದೂ ಹೇಳಿದ ದಿನಕ್ಕೆ ಮುಗಿಯುತ್ತಿರಲಿಲ್ಲ. ಗಿರಾಕಿ ಫೋನ್ ಮಾಡಿದರೆ ಎತ್ತಲು ಹಿಂಜರಿಕೆ. ದಿನವಿಡೀ ತನಗೆ ಇಷ್ಟವಾದ ಕೆಲಸವನ್ನೇ ಮಾಡುತ್ತಿದ್ದ ಮನುಷ್ಯ ರಾತ್ರಿ ನಿದ್ದೆ ಬಾರದೆ ಎದ್ದು ಕೂರುತ್ತಿದ್ದರು. ಬೆಂಗಳೂರಿನ ದಿನಗಳಲ್ಲಿ ಹೀಗಿರಲಿಲ್ಲ ಅಂತ ಅಕ್ಕ ಹೇಳಿದ್ದನ್ನು ನಾನು ಮರೆತಿಲ್ಲ.

2022ರ ಬೇಸಿಗೆಯಲ್ಲಿ ಒಂದು ಮೇಜು ಸೀಳಿತು. ತುಮಕೂರಿನ ನಿವೃತ್ತ ಮೇಷ್ಟ್ರ ಮನೆಗೆ ಮಾಡಿಕೊಟ್ಟಿದ್ದ ಹಲಸಿನ ಊಟದ ಮೇಜು ಅದು. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಮೇಲಿನ ಹಲಗೆಯ ಒಂದು ತುದಿಯಿಂದ ಸೀಳು ಶುರುವಾಗಿ ಮಧ್ಯದ ತನಕ ಹೋಯಿತು. ನಾಣ್ಯ ಇಳಿಯುವಷ್ಟು ಅಗಲ. ಮೇಷ್ಟ್ರು ಕೂಗಾಡಲಿಲ್ಲ. "ದುಡ್ಡು ವಾಪಸ್ ಬೇಡ, ಮೇಜು ಸರಿ ಮಾಡ್ಕೊಡಿ ಆಚಾರ್ರೇ" ಅಂದರಂತೆ. ಅವರು ಬೈದಿದ್ದರೆ ಸುಲಭ ಇತ್ತು ಅಂತ ಆಚಾರ್ರು ಇವತ್ತಿಗೂ ಹೇಳುತ್ತಾರೆ.

ಇದೇ ಹೊತ್ತಿನಲ್ಲಿ ನನಗೆ ಆಚಾರ್ರ ಪರಿಚಯವಾಗಿದ್ದು. ಕೆಲಸ ಬಿಟ್ಟು ಮತ್ತೆ ಯಶವಂತಪುರದ ರೈಲು ಹತ್ತಬೇಕಾ ಅನ್ನುವ ಪ್ರಶ್ನೆ ಇಟ್ಟುಕೊಂಡೇ ಅವರು ನನ್ನ ಹತ್ತಿರ ಬಂದದ್ದು.

ಸೀಳಿದ ಮೇಜು ಏನು ಹೇಳಿತು

ಮೇಜು ಯಾಕೆ ಸೀಳಿತು ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಈ ಪ್ರಕರಣದ ಅರ್ಧ ಉತ್ತರ ಅದರಲ್ಲೇ ಇದೆ.

ತುಮಕೂರು ಜಿಲ್ಲೆಯಲ್ಲಿ ಹಲಸಿಗೆ ಬರವಿಲ್ಲ. ತೆಂಗಿನ ತೋಟದ ಬದುಗಳಲ್ಲಿ ಹಳೇ ಮರಗಳು ಎಷ್ಟೋ ಇವೆ. ಗುಬ್ಬಿ ತಾಲ್ಲೂಕಿನ ಚೇಳೂರಿನಲ್ಲಿ ಹಲಸಿನ ಹಣ್ಣಿನ ವ್ಯಾಪಾರ ಜೋರು, ಸಿದ್ದು ಅನ್ನುವ ಕೆಂಪು ತೊಳೆಯ ತಳಿಗೆ ಹೆಸರು ಬಂದದ್ದೂ ಆ ಕಡೆಯಿಂದಲೇ. ಹಣ್ಣು ಬಿಡುವುದು ನಿಂತ ಮುದಿ ಮರ ಕಡಿದರೆ ಒಳ್ಳೆಯ ಮರ ಸಿಗುತ್ತದೆ. ಕೊಯ್ದಾಗ ಅರಿಸಿನದ ಬಣ್ಣ, ವರ್ಷ ಕಳೆದ ಹಾಗೆ ಕಂದು ತಿರುಗುತ್ತದೆ. ಉಳಿಗೆ ಚೆನ್ನಾಗಿ ಬಗ್ಗುತ್ತದೆ, ಗೆದ್ದಲಿಗೆ ಸುಲಭವಾಗಿ ಬಲಿಯಾಗುವುದಿಲ್ಲ. ತೇಗಕ್ಕಿಂತ ಕಡಿಮೆ ಬೆಲೆ. ಆಚಾರ್ರಿಗೆ ಅದೇ ಅಚ್ಚುಮೆಚ್ಚು.

ಮರದೊಳಗೆ ನೀರಿರುತ್ತದೆ. ಕಡಿದ ಮೇಲೆ ಅದು ಆರುತ್ತಾ ಹೋದಂತೆ ಹಲಗೆ ಕುಗ್ಗುತ್ತದೆ. ಉದ್ದಕ್ಕೆ ಕುಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೆ ಕುಗ್ಗುವುದು ಚೆನ್ನಾಗಿ ಕಾಣುತ್ತದೆ. ಒಣಗಿದ ಮೇಲೂ ಮಳೆಗಾಲದಲ್ಲಿ ಸ್ವಲ್ಪ ಹಿಗ್ಗುತ್ತದೆ, ಮಾರ್ಚ್ ಏಪ್ರಿಲ್ಲಿನ ಒಣ ಗಾಳಿಗೆ ಮತ್ತೆ ಕುಗ್ಗುತ್ತದೆ. ಒಂದು ಇಂಚು ದಪ್ಪದ ಹಲಗೆ ನೆರಳಲ್ಲಿ ಒಣಗಲು ಸುಮಾರು ಒಂದು ವರ್ಷ ಬೇಕು ಅನ್ನುವುದು ಹಳಬರ ಲೆಕ್ಕ. ಮೇಷ್ಟ್ರ ಮೇಜಿನ ಮರ ಮಳೆಗಾಲದಲ್ಲಿ ಕಡಿದದ್ದು, ಮೇಜಾಗಿದ್ದು ಸಂಕ್ರಾಂತಿಗೆ. ಅದರ ಮೇಲೆ ಆಚಾರ್ರು ಮೇಲಿನ ಹಲಗೆಯನ್ನು ನಾಲ್ಕೂ ಕಡೆ ಸ್ಕ್ರೂ ಹಾಕಿ ಬಿಗಿದುಬಿಟ್ಟಿದ್ದರು. ಪ್ಲೈವುಡ್ಡಿನಲ್ಲಿ ವರ್ಷಗಟ್ಟಲೆ ಹಾಗೆ ಮಾಡಿ ಕೈಗೆ ಅದೇ ಅಭ್ಯಾಸ. ಪ್ಲೈವುಡ್ಡಿನ ಪದರಗಳು ಅಡ್ಡಡ್ಡ ಅಂಟಿರುತ್ತವೆ, ಅದು ಹೆಚ್ಚು ಅಲುಗುವುದಿಲ್ಲ. ಇಡೀ ಮರದ ಹಲಗೆ ಕುಗ್ಗಲು ಹೋಯಿತು, ಸ್ಕ್ರೂ ಬಿಡಲಿಲ್ಲ, ಹಲಗೆ ಸೀಳಿತು.

ತಂದೆಯ ಕಾಲದ ಕೆಲಸದಲ್ಲಿ ಇದಕ್ಕೆ ಉಪಾಯ ಇತ್ತು. ಮೇಜಿನ ಕೆಳಗಿನ ಪಟ್ಟಿಗೆ ಉದ್ದನೆಯ ಸಂದು ತೋಡಿ, ಅದರಲ್ಲಿ ಜಾರುವಂಥ ಮರದ ಚಿಕ್ಕ ಕೊಕ್ಕೆಗಳಿಂದ ಮೇಲಿನ ಹಲಗೆಯನ್ನು ಹಿಡಿಸುವುದು. ಹಲಗೆ ಮೇಲೇಳುವುದಿಲ್ಲ, ಆದರೆ ಅತ್ತಿತ್ತ ಸರಿಯಲು ಜಾಗ ಇರುತ್ತದೆ. ಇದು ಆಚಾರ್ರಿಗೆ ಗೊತ್ತಿಲ್ಲದ್ದೇನಲ್ಲ. ಅವಸರದಲ್ಲಿ ಬಿಟ್ಟಿದ್ದರು, ಅಷ್ಟೇ. ಅವಸರ ಯಾಕೆ ಅಂದರೆ, ಮುಂದಿನ ಕೆಲಸದ ಮರ ಕೊಳ್ಳಲು ಈ ಕೆಲಸದ ದುಡ್ಡು ಬರಬೇಕಿತ್ತು.

ಈ ಒಂದು ಸಂಗತಿ ತಿಳಿದ ಮೇಲೆ ನಮ್ಮ ಮಾತಿನ ದಿಕ್ಕೇ ಬದಲಾಯಿತು. ಅಲ್ಲಿಯ ತನಕ ಆಚಾರ್ರು ತಮ್ಮ ಮನಸ್ಸು ಸರಿಯಿಲ್ಲ ಅಂತ ಮಾತಾಡುತ್ತಿದ್ದರು. ನನಗೆ ಮನಸ್ಸಿನಲ್ಲಿ ಏನೂ ಕೊರತೆ ಕಾಣಲಿಲ್ಲ. ಒಣಗಿದ ಮರ ಇರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ, ಬೆಲೆ ಸರಿ ಇರಲಿಲ್ಲ. ಇವು ಮೂರೂ ಒಂದಕ್ಕೊಂದು ಗಂಟು ಬಿದ್ದಿದ್ದವು.

ಮಾಡಿ ನೋಡಿದ್ದು

ಮೊದಲು ಮಗನ ಮಾತು ಕೇಳಿ ಫೋನಿನಲ್ಲಿ ಮಾರಲು ನೋಡಿದರು. ಮಗ ಡಿಪ್ಲೊಮಾ ಓದುತ್ತಿದ್ದ. ಕುರ್ಚಿ, ಮಣೆ, ಉಯ್ಯಾಲೆಯ ಫೋಟೋ ಹಾಕಿದ. ಮೆಚ್ಚಿಕೊಂಡವರು ಬಹಳ, ಕೊಂಡವರು ಕಡಿಮೆ. ವಿಚಾರಿಸಿದವರಲ್ಲಿ ಸುಮಾರು ಜನ ಬೇರೆ ಅಂಗಡಿಯ ಚಿತ್ರ ಕಳಿಸಿ ಇದೇ ಥರ ಇದಕ್ಕಿಂತ ಕಡಿಮೆಗೆ ಮಾಡಿಕೊಡಿ ಅನ್ನುತ್ತಿದ್ದರು. 2022ರ ಜೂನಿನಲ್ಲಿ ತುಮಕೂರು ರಸ್ತೆಯ ನಾಗಸಂದ್ರದಲ್ಲಿ ಐಕಿಯಾ ಮಳಿಗೆ ತೆರೆದ ಮೇಲೆ ಈ ಹೋಲಿಕೆ ಇನ್ನೂ ಜಾಸ್ತಿಯಾಯಿತು. ಅಲ್ಲಿ ಸಿಗುವುದೇ ಬೇರೆ ಸಾಮಾನು, ಇದೇ ಬೇರೆ. ಕಾರ್ಖಾನೆಯ ಬೆಲೆಗೆ ಕೈಕೆಲಸ ಕೊಡಲು ಹೋದರೆ ಕೈಗೆ ಏನೂ ಉಳಿಯುವುದಿಲ್ಲ. ದೂರದ ಊರಿಗೆ ಲಾರಿಯಲ್ಲಿ ಕಳಿಸಿದ ಒಂದು ಕುರ್ಚಿಯ ಕಾಲು ದಾರಿಯಲ್ಲೇ ಮುರಿಯಿತು. ಫೋಟೋ ಹಾಕುವುದನ್ನು ಅಷ್ಟಕ್ಕೇ ಬಿಟ್ಟರು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ತೀರ್ಮಾನ. ಗುಬ್ಬಿ, ತುಮಕೂರು, ತಿಪಟೂರಿನ ಒಳಗೆ, ತಾವೇ ಹೋಗಿ ಕೂರಿಸಿ ಬರುವಷ್ಟು ದೂರದಲ್ಲಿ, ಅವರಿಗೆ ಸಾಕಷ್ಟು ಗಿರಾಕಿಗಳಿದ್ದರು.

ಎರಡನೆಯದು ಲೆಕ್ಕದ ಪುಸ್ತಕ. ಎರಡು ಗೆರೆ ಹಾಕಿದ ಸಾಧಾರಣ ನೋಟ್‌ಬುಕ್. ಒಂದು ಕಡೆ ಮರ, ಪಾಲಿಶ್, ಸಾಗಣೆ ಖರ್ಚು. ಇನ್ನೊಂದು ಕಡೆ ಆ ಕೆಲಸಕ್ಕೆ ಹೋದ ದಿನ. ಬರೆದವರು ಅಕ್ಕ. ಆಚಾರ್ರು ಸಾಯಂಕಾಲ ಕೈ ತೊಳೆದು ಬಂದು ಹೇಳುವುದು, ಅಕ್ಕ ಬರೆದುಕೊಳ್ಳುವುದು.

ಒಂದು ಕುರ್ಚಿಯ ಲೆಕ್ಕ ಹೇಳುತ್ತೇನೆ. 3,500 ರೂಪಾಯಿಗೆ ಒಪ್ಪಿಕೊಂಡಿದ್ದರು. ಮರಕ್ಕೆ 1,500, ಪಾಲಿಶ್ ಮತ್ತಿತರ ಖರ್ಚು 200. ಉಳಿದ 1,800 ರೂಪಾಯಿಗೆ ಮೂರು ದಿನ ದುಡಿದಿದ್ದರು. ಅಂದರೆ ದಿನಕ್ಕೆ 600. ಬೆಂಗಳೂರಿನಲ್ಲಿ ಅವರು ಬಿಟ್ಟು ಬಂದ ಕೂಲಿ ಅದಕ್ಕಿಂತ ಎಷ್ಟೋ ಜಾಸ್ತಿ. ಕೆತ್ತನೆಯ ಬಾಗಿಲಿನ ಲೆಕ್ಕ ಇನ್ನೂ ಕೆಟ್ಟದಾಗಿತ್ತು. ದುಡ್ಡು ನಿಜವಾಗಿ ಉಳಿಯುತ್ತಿದ್ದದ್ದು ಸಾದಾ ಬಾಗಿಲು ಕಿಟಕಿಯ ಚೌಕಟ್ಟಿನಲ್ಲಿ. ಆ ಸಂಜೆ ಪುಸ್ತಕ ನೋಡಿ ಆಚಾರ್ರು ತುಂಬಾ ಹೊತ್ತು ಮಾತಾಡಲಿಲ್ಲ. ಅಕ್ಕನೇ ಹೇಳಿದರು: "ನೀವು ಕುರ್ಚಿ ಮಾಡೋದು ಬೇಡ ಅಂತಿಲ್ಲ ರೀ. ಪುಕ್ಕಟೆ ಮಾಡ್ಬೇಡಿ ಅಂತಿದೀನಿ."

ಕುರ್ಚಿಯ ಬೆಲೆ 5,500 ಆಯಿತು. ಅರ್ಧದಷ್ಟು ಗಿರಾಕಿಗಳು ಹೋದರು. ಉಳಿದವರ ಕೆಲಸ ಅವರ ಎರಡು ಕೈಗೆ ಸರಿಯಾಗಿತ್ತು. ಅದರ ಜೊತೆಗೆ ಅಕ್ಕ ಒಂದು ಕಟ್ಟುಪಾಡು ಮಾಡಿದರು. ಅರ್ಧ ದುಡ್ಡು ಮುಂಗಡ ಬಾರದೆ ಯಾವ ಕೆಲಸಕ್ಕೂ ಉಳಿ ಮುಟ್ಟುವಂತಿಲ್ಲ. ಮುಂಗಡ ಕೇಳುವುದು ಆಚಾರ್ರಿಗೆ ನಾಚಿಕೆಯ ವಿಷಯ. ಅದಕ್ಕೇ ಗಿರಾಕಿಗಳ ಹತ್ತಿರ ದುಡ್ಡಿನ ಮಾತು ಪೂರ್ತಿ ಅಕ್ಕನದೇ ಆಯಿತು. ಇದು ಸಣ್ಣ ಬದಲಾವಣೆಯ ಹಾಗೆ ಕಾಣುತ್ತದೆ. ಆ ಮನೆಯ ಜಗಳ ಅರ್ಧಕ್ಕರ್ಧ ಕಡಿಮೆಯಾಗಿದ್ದು ಇದರಿಂದಲೇ.

ಒಂದು ಕುರ್ಚಿ ಆಗುವುದನ್ನು ಹತ್ತಿರದಿಂದ ನೋಡಿದರೆ ಆ ಮೂರು ದಿನ ಎಲ್ಲಿ ಹೋಗುತ್ತದೆ ಅಂತ ತಿಳಿಯುತ್ತದೆ. ಮರ ಹತ್ತರಿ ಹೊಡೆದು ನುಣುಪು ಮಾಡುವುದಕ್ಕೆ ಒಂದು ಹೊತ್ತು. ಹಲಗೆ ಎಲ್ಲಾದರೂ ತಿರುಚಿಕೊಂಡಿದೆಯಾ ನೋಡಲು ಎರಡು ತುದಿಗೂ ಒಂದೊಂದು ನೇರ ಪಟ್ಟಿ ಅಡ್ಡ ಇಟ್ಟು, ಕಣ್ಣು ಕೆಳಗಿಳಿಸಿ ನೋಡುತ್ತಾರೆ. ಎರಡು ಪಟ್ಟಿಯ ಅಂಚು ಒಂದೇ ಗೆರೆಯಲ್ಲಿ ಕಂಡರೆ ಸರಿ. ಆಮೇಲೆ ಮೂಲೆಮಟ್ಟ ಇಟ್ಟು ಗೆರೆ. ಕಾಲಿಗೆ ಚೌಕದ ತೂತು ತೋಡುವಾಗ ಮರವನ್ನು ಪಾದದಲ್ಲಿ ಅದುಮಿಕೊಂಡು ನೆಲದ ಮೇಲೆ ಕೂರುತ್ತಾರೆ. ಕೊಡತಿಯ ಏಟು ಒಂದೇ ಸಮ. ತೂತು ಅರ್ಧ ಆಳಕ್ಕೆ ಹೋದ ಮೇಲೆ ಮರ ತಿರುಗಿಸಿ ಇನ್ನೊಂದು ಕಡೆಯಿಂದ ತೋಡುತ್ತಾರೆ, ಇಲ್ಲದಿದ್ದರೆ ಅಂಚು ಕಿತ್ತುಬರುತ್ತದೆ. ಅಡ್ಡಪಟ್ಟಿಯ ತುದಿಯಲ್ಲಿ ಬಿಡುವ ನಾಲಗೆ ಆ ತೂತಿಗೆ ಕೈಯಲ್ಲಿ ಒತ್ತಿದರೆ ಹೋಗಬಾರದು, ಕೊಡತಿಯಿಂದ ಜೋರಾಗಿ ಹೊಡೆಯುವಂತೆಯೂ ಇರಬಾರದು. ಮೆಲ್ಲಗೆ ನಾಲ್ಕು ಏಟಿಗೆ ಕೂರಬೇಕು. ಕೂತ ಮೇಲೆ ಬೈರಿಗೆಯಿಂದ ಸಣ್ಣ ತೂತು ಕೊರೆದು ಬಿದಿರಿನ ಗೂಟ ಹೊಡೆಯುವುದು. ಮೊಳೆ ಇಲ್ಲ, ಸ್ಕ್ರೂ ಇಲ್ಲ. ಹಲಸಿನ ಪುಡಿಯಿಂದ ಅಂಗೈ ಹಳದಿಯಾಗಿರುತ್ತದೆ, ಸೋಪು ಹಾಕಿದರೂ ಬೇಗ ಹೋಗುವುದಿಲ್ಲ.

ಈ ಕೆಲಸ ಮಾಡುವಾಗ ಅವರನ್ನು ಮಾತಾಡಿಸಿದರೆ ಉತ್ತರ ಬರುವುದು ತಡ. ಸಿಟ್ಟಿನಿಂದಲ್ಲ. ಅವರ ಗಮನ ಪೂರ್ತಿ ಉಳಿಯ ಬಾಯಲ್ಲಿ ಇರುತ್ತದೆ. ಬೆಲೆ ಸರಿಯಾಗುವ ಮೊದಲೂ ಅವರು ಇದೇ ಕೆಲಸವನ್ನು ಮಾಡುತ್ತಿದ್ದರು, ಆದರೆ ನಡುನಡುವೆ ಎದ್ದು ಫೋನ್ ನೋಡುತ್ತಿದ್ದರು. ಈಗ ಫೋನ್ ಅಕ್ಕನ ಹತ್ತಿರ ಇರುತ್ತದೆ.

ನಲವತ್ತು ಕುರ್ಚಿಯ ಪ್ರಶ್ನೆ

2023ರ ಕೊನೆಗೆ ಹೆದ್ದಾರಿ ಪಕ್ಕದ ಒಂದು ಹೋಟೆಲಿನವರು ನಲವತ್ತು ಕುರ್ಚಿ ಕೇಳಿದರು. ಎರಡು ತಿಂಗಳ ಗಡುವು, ಕುರ್ಚಿಗೆ ಕಡಿಮೆ ಬೆಲೆ, ಆದರೆ ಒಟ್ಟು ಮೊತ್ತ ಆ ಮನೆ ಒಂದೇ ಸಲ ಯಾವತ್ತೂ ನೋಡದಷ್ಟು. ನಾಲ್ಕು ಜನ ಹುಡುಗರನ್ನು ಕೂಲಿಗೆ ಹಾಕಿಕೊಂಡರೆ ಆಗುತ್ತಿತ್ತು. ಮಗ ಒಪ್ಪಿಕೊಳ್ಳಿ ಅಪ್ಪ ಅಂದ. ಅಕ್ಕನ ಕೈ ಸಾಲವೂ ಇತ್ತು, ಸಂಘದ ಕಂತೂ ಇತ್ತು. "ಬೇಡ ಅಂದ್ರೆ ಬಡ್ಡಿ ಯಾರು ಕಟ್ತಾರೆ?" ಅಂತ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಇಲ್ಲಿ ಆಚಾರ್ರು ದುಡ್ಡನ್ನು ತಳ್ಳಿ ಕಲೆಯನ್ನು ಆರಿಸಿಕೊಂಡರು ಅಂತ ಅಂದುಕೊಳ್ಳುತ್ತಾರೆ. ನಡೆದದ್ದು ಹಾಗಲ್ಲ. ಮೂವರೂ ಕೂತು ಪುಸ್ತಕ ತೆಗೆದರು. ನಲವತ್ತು ಕುರ್ಚಿಗೆ ಬೇಕಾದಷ್ಟು ಒಣಗಿದ ಮರ ಅವರ ಹತ್ತಿರ ಇರಲಿಲ್ಲ. ಹಸಿ ಮರದಲ್ಲಿ ಮಾಡಿದರೆ ಬೇಸಿಗೆಗೆ ಕೀಲು ಸಡಿಲವಾಗಿ ನಲವತ್ತೂ ವಾಪಸ್ ಬರಬಹುದು. ಮೇಷ್ಟ್ರು ಒಂದು ಮೇಜಿಗೆ ಸುಮ್ಮನಿದ್ದರು, ಹೋಟೆಲಿನವರು ಸುಮ್ಮನಿರುವುದಿಲ್ಲ. ಹುಡುಗರ ಕೂಲಿ ಕಳೆದರೆ ಉಳಿಯುವುದು ಅಂಥ ದೊಡ್ಡ ದುಡ್ಡೂ ಅಲ್ಲ. ಒಣ ಮರ ಇರುವಷ್ಟಕ್ಕೆ ಹನ್ನೆರಡು ಕುರ್ಚಿ ಈಗ, ಉಳಿದದ್ದು ಮುಂದಿನ ವರ್ಷ, ಬೆಲೆ ನಮ್ಮದು ಅಂತ ಹೇಳಿ ಕಳಿಸಿದರು. ಹೋಟೆಲಿನವರು ಒಪ್ಪಲಿಲ್ಲ.

ಆಮೇಲಿನ ಎರಡು ತಿಂಗಳು ಕಷ್ಟವೇ ಆಯಿತು. ಅಕ್ಕ ಹಬ್ಬಕ್ಕೆ ಸೀರೆ ತೆಗೆಯಲಿಲ್ಲ. ಇದನ್ನು ನಾನು ಬೇಕಂತಲೇ ಬರೆಯುತ್ತಿದ್ದೇನೆ. ಒಬ್ಬರು ಬೇಡ ಅಂದಾಗ ಅದರ ಬೆಲೆಯನ್ನು ಮನೆಯವರೆಲ್ಲ ಕೊಡುತ್ತಾರೆ. ಇಲ್ಲಿ ಅಕ್ಕ ಸಿಟ್ಟಾಗಲಿಲ್ಲ, ಯಾಕಂದರೆ ಬೇಡ ಅನ್ನುವ ತೀರ್ಮಾನ ಅವರ ಕೈಯಿಂದಲೂ ಬಂದಿತ್ತು. ಮೂರು ವರ್ಷ ಮೊದಲು ಆಚಾರ್ರು ಒಬ್ಬರೇ ರೈಲು ಬಿಟ್ಟಾಗ ಅಕ್ಕನನ್ನು ಯಾರೂ ಕೇಳಿರಲಿಲ್ಲ.

ಸಾಲ, ಯಂತ್ರ, ಮರ

2023ರ ಸೆಪ್ಟೆಂಬರ್ 17ರಂದು ಕಸುಬುದಾರರಿಗಾಗಿ ಕೇಂದ್ರ ಸರ್ಕಾರದ ಪಿಎಂ ವಿಶ್ವಕರ್ಮ ಯೋಜನೆ ಶುರುವಾಯಿತು. ಹದಿನೆಂಟು ಕಸುಬುಗಳಲ್ಲಿ ಬಡಗಿಗಳೂ ಸೇರಿದ್ದಾರೆ. ತರಬೇತಿಯ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿಯ ನೆರವು, ಅಡಮಾನ ಇಲ್ಲದೆ ಮೊದಲ ಕಂತಿನಲ್ಲಿ 1 ಲಕ್ಷದ ತನಕ ಸಾಲ, 5 ಪರ್ಸೆಂಟ್ ಬಡ್ಡಿ, 18 ತಿಂಗಳಲ್ಲಿ ತೀರಿಸಬೇಕು. ಮೊದಲನೆಯದನ್ನು ಸರಿಯಾಗಿ ತೀರಿಸಿದವರಿಗೆ ಎರಡನೇ ಕಂತಿನಲ್ಲಿ 2 ಲಕ್ಷದ ತನಕ ಸಿಗಬಹುದು. ಒಂದು ಕುಟುಂಬದಲ್ಲಿ ಒಬ್ಬರಿಗೆ ಮಾತ್ರ. ಅರ್ಜಿಯನ್ನು ಸೇವಾ ಕೇಂದ್ರದಲ್ಲಿ ಹಾಕಬೇಕು, ಗ್ರಾಮ ಪಂಚಾಯಿತಿಯಲ್ಲಿ ಪರಿಶೀಲನೆ ಆಗುತ್ತದೆ. ಆಚಾರ್ರಿಗೆ 2024ರಲ್ಲಿ ತರಬೇತಿ ಮುಗಿದು ಸಾಲ ಬಂತು.

ಒಂದು ಲಕ್ಷದಲ್ಲಿ ಏನು ತೆಗೆದುಕೊಳ್ಳಬೇಕು ಅನ್ನುವುದರ ಮೇಲೆ ಮತ್ತೆ ಮಾತು. ಪರಿಚಯದವರು ಕಂಪ್ಯೂಟರಿನಿಂದ ಕೆತ್ತನೆ ಮಾಡುವ ಯಂತ್ರಕ್ಕೆ ಇನ್ನಷ್ಟು ಸಾಲ ಸೇರಿಸು ಅಂದರು. ಇನ್ನು ಕೆಲವರು ಯಂತ್ರ ಮುಟ್ಟಿದರೆ ಅದು ಕೈಕೆಲಸವೇ ಅಲ್ಲ ಅಂದರು. ಆಚಾರ್ರು ಎರಡನ್ನೂ ಒಪ್ಪಲಿಲ್ಲ. ಒರಟು ಹಲಗೆಯನ್ನು ಹತ್ತರಿಯಿಂದ ಒಂದೇ ದಪ್ಪಕ್ಕೆ ತರುವುದರಲ್ಲಿ ಸೊಂಟ ಹೋಗುತ್ತದೆ, ಅದರಲ್ಲಿ ಕಲಿಯುವುದು ಏನೂ ಉಳಿದಿಲ್ಲ ಅನ್ನುವುದು ಅವರ ಮಾತು. ಅದಕ್ಕೆ ಒಂದು ಹಳೇ ಪ್ಲೇನರ್ ಯಂತ್ರ ತಂದರು. ಕೀಲು, ಕಾಲಿನ ಆಕಾರ, ಕೊನೆಯ ನುಣುಪು ಎಲ್ಲ ಕೈಯಲ್ಲೇ. ನನಗೂ ಇದು ಸರಿ ಅನ್ನಿಸುತ್ತದೆ. ದಣಿದ ಕೈಯಿಂದ ಒಳ್ಳೆಯ ಕೀಲು ಬರುವುದಿಲ್ಲ ಅಲ್ವಾ?

ಉಳಿದ ದುಡ್ಡೆಲ್ಲ ಮರಕ್ಕೆ ಹೋಯಿತು. ಪಕ್ಕದೂರಿನ ತೋಟದಲ್ಲಿ ಎರಡು ಹಳೇ ಹಲಸಿನ ಮರ ಮಾತಾಡಿದರು. ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ತೋಟದ ಯಜಮಾನರಿಂದಲೇ ಬೇಕಾದ ಕಾಗದ ಮಾಡಿಸಿಕೊಂಡರು. ಸಾಮಿಲ್‌ನಲ್ಲಿ ಕೊಯ್ಯಿಸಿ ತಂದ ಹಲಗೆಗಳನ್ನು ಕೊಟ್ಟಿಗೆಯಲ್ಲಿ ಪೇರಿಸಿದರು. ಪ್ರತಿ ಸಾಲಿನ ನಡುವೆ ಗಾಳಿಯಾಡಲು ಒಂದೇ ದಪ್ಪದ ಪಟ್ಟಿಗಳು, ಒಂದರ ಮೇಲೆ ಒಂದು ನೇರಕ್ಕೆ ಬರುವಂತೆ. ತುದಿಗಳು ಬೇಗ ಒಣಗಿ ಬಿರಿಯದ ಹಾಗೆ ಹಳೇ ಪೇಂಟ್ ಬಳಿದರು. ಪ್ರತಿ ಹಲಗೆಯ ಮೇಲೆ ಕೊಯ್ದ ತಿಂಗಳು ಬರೆದರು. ಮನೆಯಲ್ಲಿ ವರ್ಷದ ರಾಗಿ ತುಂಬಿಟ್ಟ ಹಾಗೆ ಅದು. ಅದಿದ್ದರೆ ಯಾರಿಗೂ ಹೆದರಿ ಕೆಲಸ ಒಪ್ಪಿಕೊಳ್ಳಬೇಕಾಗಿಲ್ಲ.

ವರ್ಷದ ಕೆಲಸವೂ ಈಗ ಒಂದು ಹದಕ್ಕೆ ಬಂದಿದೆ. ಸಂಕ್ರಾಂತಿಯಿಂದ ಮನೆ ಕಟ್ಟುವವರ ಕಾಲ, ಆಗ ಬಾಗಿಲು ಕಿಟಕಿ. ಮನೆಯ ಖರ್ಚು, ಕಂತು ಎಲ್ಲ ಅದರಲ್ಲಿ. ಮದುವೆಗಳ ಮುಂಚೆ ಮಂಚ, ಕುರ್ಚಿ. ಆಷಾಢದಲ್ಲಿ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಯಾರೂ ಬಾಗಿಲು ಬಡಿಯುವುದಿಲ್ಲ. ಮುಂಚೆ ಆ ತಿಂಗಳು ಅವರಿಗೆ ಭಯದ ತಿಂಗಳು. ಈಗ ಆ ತಿಂಗಳು ಯಾರ ಆರ್ಡರೂ ಇಲ್ಲದೆ ತಮಗೆ ತೋಚಿದ್ದನ್ನು ಮಾಡುತ್ತಾರೆ. ಹಿಂದಿನ ಆಷಾಢದಲ್ಲಿ ಮಡಚುವ ಒಂದು ಓದುಮಣೆ ಮಾಡಿದರು, ಒಂದೇ ಹಲಗೆಯಿಂದ ತಿರುಗುವ ಕೀಲು ಬಿಡಿಸಿದ್ದು. ಮೂರು ಸಲ ಕೆಟ್ಟಿತು, ನಾಲ್ಕನೆಯದು ಬಂತು. ಮಾರಲಿಲ್ಲ.

ಮೇಷ್ಟ್ರ ಮೇಜು ಒಂದು ವರ್ಷ ಒಣಗಿದ ಹಲಗೆಯಲ್ಲಿ ಮತ್ತೆ ಆಯಿತು, ಈ ಸಲ ಜಾರುವ ಕೊಕ್ಕೆಗಳ ಮೇಲೆ. ಅಷ್ಟು ದಿನ ಅವರು ಸೀಳಿದ ಮೇಜಿನ ಮೇಲೆಯೇ ಊಟ ಮಾಡಿದರು. ಅಂಥ ಗಿರಾಕಿ ಎಲ್ಲರಿಗೂ ಸಿಗುವುದಿಲ್ಲ, ಅದನ್ನೂ ಒಪ್ಪಿಕೊಳ್ಳಬೇಕು.

ಬೇರೆಯವರು ಇಲ್ಲಿಂದ ಏನು ತೆಗೆದುಕೊಳ್ಳಬಹುದು

ಕೈಕೆಲಸಕ್ಕೆ ಮರಳುವವರು ನನ್ನ ಹತ್ತಿರ ಬಂದಾಗ ಮೊದಲು ಮನಸ್ಸಿನ ಮಾತು ಹೇಳುತ್ತಾರೆ. ನಾನು ಈಗ ಮೊದಲು ಕೇಳುವುದು ಒಣಗಿದ ಮರ ಎಷ್ಟಿದೆ ಅಂತ. ನೇಕಾರರಾದರೆ ನೂಲು, ಕುಂಬಾರರಾದರೆ ಹದವಾದ ಮಣ್ಣು. ಕೈಯಲ್ಲಿ ಸಾಮಗ್ರಿ ಇಲ್ಲದವರು ಗಿರಾಕಿಯ ಗಡಿಯಾರಕ್ಕೆ ಕೆಲಸ ಮಾಡಬೇಕಾಗುತ್ತದೆ, ಎಷ್ಟೇ ಕಸುಬು ಇದ್ದರೂ.

ಇನ್ನೊಂದು ಸಂಗತಿ ನನಗೆ ಬಹಳ ಮುಖ್ಯ ಅನ್ನಿಸಿದೆ. ಆಚಾರ್ರು ದುಡ್ಡು ತರುವ ಬಾಗಿಲು ಕಿಟಕಿಯನ್ನು ಕೀಳಾಗಿ ನೋಡುವುದನ್ನು ಬಿಟ್ಟರು. ಮೊದಲು ಅದು ಹೊಟ್ಟೆಪಾಡು, ಕುರ್ಚಿ ಮಾತ್ರ ನಿಜವಾದ ಕೆಲಸ ಅನ್ನುತ್ತಿದ್ದರು. ಕುರ್ಚಿಗೆ ಬೇಕಾದ ಸಮಯವನ್ನು ಬಾಗಿಲು ಕೊಡುತ್ತಿದೆ ಅನ್ನುವುದು ಪುಸ್ತಕದಲ್ಲಿ ಕಂಡ ಮೇಲೆ ಚೌಕಟ್ಟಿನ ಕೀಲನ್ನೂ ಅದೇ ಶ್ರದ್ಧೆಯಿಂದ ಕೂರಿಸುತ್ತಿದ್ದಾರೆ. ವರ್ಷದ ಬಹುಪಾಲು ದಿನಗಳನ್ನು ಬೇಜಾರಿನಲ್ಲಿ ಕಳೆದು ಉಳಿದ ಕೆಲವು ದಿನಗಳಲ್ಲಿ ಖುಷಿ ಹುಡುಕುವುದು ಹೆಚ್ಚು ಕಾಲ ನಡೆಯುವುದಿಲ್ಲ. ಇದನ್ನು ನಾನು ಬೇರೆ ಮನೆಗಳಲ್ಲೂ ನೋಡಿದ್ದೇನೆ.

ಮತ್ತೆ, ಅಕ್ಕ. ಕಸುಬುದಾರರ ಬಗ್ಗೆ ಬರೆಯುವವರು ಕಸುಬುದಾರನ ಕೈಯನ್ನು ಬಣ್ಣಿಸುತ್ತಾರೆ, ಲೆಕ್ಕ ಬರೆಯುವ ಕೈಯನ್ನು ಬಿಟ್ಟುಬಿಡುತ್ತಾರೆ. ಈ ಪ್ರಕರಣದಲ್ಲಿ ಬೆಲೆ ಏರಿಸಿದ್ದು, ಮುಂಗಡ ತಂದದ್ದು, ನಲವತ್ತು ಕುರ್ಚಿಯ ದಿನ ಪುಸ್ತಕ ತೆಗೆದದ್ದು ಅವರು. ಆಚಾರ್ರ ನಿದ್ದೆ ಸರಿಹೋದದ್ದು ಅಕ್ಕನ ಚಿಂತೆ ಇಳಿದ ಮೇಲೆ. ಅದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ.

ಬಗೆಹರಿಯದ್ದೂ ಇದೆ. ಮಗ ಕಸುಬಿಗೆ ಬರುವುದಿಲ್ಲ, ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಪಕ್ಕದ ಊರಿನ ಒಬ್ಬ ಹುಡುಗ ವಾರಕ್ಕೆ ಮೂರು ದಿನ ಕಲಿಯಲು ಬರುತ್ತಾನೆ, ನಿಲ್ಲುತ್ತಾನೋ ಇಲ್ಲವೋ ಹೇಳಲಾಗದು. ನೆಲದ ಮೇಲೆ ಕೂತು ಕೂತು ಆಚಾರ್ರ ಮಂಡಿ ಸವೆದಿದೆ. ಡಾಕ್ಟರು ಹೇಳಿದ ಮೇಲೆ ನಿಂತು ಕೆಲಸ ಮಾಡಲು ಒಂದು ಬೆಂಚು ಕಟ್ಟಿಕೊಂಡಿದ್ದಾರೆ. ಪಾದದ ಬದಲು ಹಿಡಿಕೆಯಲ್ಲಿ ಮರ ಹಿಡಿಯುವುದು ಇನ್ನೂ ಅಭ್ಯಾಸವಾಗಿಲ್ಲ.

ಮೊದಲ ಸಾಲ ಹೇಳಿದ ಸಮಯಕ್ಕೆ ತೀರಿತು. ಎರಡನೇ ಕಂತಿಗೆ ಬ್ಯಾಂಕಿನವರು ವಿಚಾರಿಸಿದ್ದಾರೆ. ತೆಗೆದುಕೊಂಡು ಕೊಟ್ಟಿಗೆಗೆ ಶೀಟ್ ಹಾಕಿಸಿ ಇನ್ನೆರಡು ಮರ ಕೊಯ್ಯಿಸೋಣ ಅನ್ನುವುದು ಅಕ್ಕನ ಲೆಕ್ಕ. ಈಗಿರುವ ಮರವೇ ಎರಡು ವರ್ಷಕ್ಕೆ ಸಾಕು, ಮತ್ತೆ ಕಂತಿನ ತಲೆನೋವು ಯಾಕೆ ಅನ್ನುವುದು ಆಚಾರ್ರದು. ಈ ಸಲ ಪುಸ್ತಕ ಅಕ್ಕನ ಕಡೆಗಿದೆ ಅಂತ ನನಗೆ ಕಾಣುತ್ತದೆ. ತೀರ್ಮಾನ ಮಾಡಲು ಅವರು ಆಷಾಢದ ತನಕ ಸಮಯ ಇಟ್ಟುಕೊಂಡಿದ್ದಾರೆ.